ಬೀಜ ಯಾವ ಮಳೆಯನ್ನು ನಂಬುತ್ತದೆ?

ರಂಜಾನ್ ತಿಂಗಳ ಸಂಜೆ ಶಿವಾಜಿನಗರದಲ್ಲಿ ಫಲೂದಾ ಕುಡಿದವರಿಗೆ ಸಬ್ಜಾ ಗೊತ್ತು. ನಮ್ಮ ಕಾಮಕಸ್ತೂರಿಯ ಬೀಜವೇ ಅದು. ಒಣಗಿದ್ದಾಗ ಎಳ್ಳಿಗಿಂತ ಸಣ್ಣ ಕರಿ ಕಾಳು. ನೀರಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಸುತ್ತಲೂ ಲೋಳೆ ಉಬ್ಬಿಕೊಂಡು ಕಾಳು ನಡುವಿನ ಕರಿ ಚುಕ್ಕೆಯಷ್ಟೇ ಆಗಿ ಉಳಿಯುತ್ತದೆ. ರಾಜಸ್ಥಾನ, ಗುಜರಾತಿನ ಒಣನೆಲದಲ್ಲಿ ಬೆಳೆಯುವ ಇಸಬ್‌ಗೋಲ್ ಕೂಡ ಹೀಗೇ ಉಬ್ಬುತ್ತದೆ. ಮರುಭೂಮಿಯ ಎಷ್ಟೋ ಗಿಡಗಳ ಬೀಜಕ್ಕೆ ಈ ಲೋಳೆಯ ಹೊದಿಕೆಯಿದೆ. ಅದು ಬೀಜವನ್ನು ಮಣ್ಣಿಗೆ ಅಂಟಿಸುತ್ತದೆ, ಗಾಳಿಗೆ ಹಾರದಂತೆ, ಇರುವೆ ಸುಲಭವಾಗಿ ಎಳೆದೊಯ್ಯದಂತೆ ಕಾಯುತ್ತದೆ, ಸಿಕ್ಕ ತೇವವನ್ನು ಒಂದಿಷ್ಟು ಹೊತ್ತು ಹಿಡಿದಿಡುತ್ತದೆ.

ಬೆಂಗಳೂರು ಮರುಭೂಮಿಯಲ್ಲ, ನಿಜ. ಆದರೆ ಹಲಸೂರಿನಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರ ದಾಟಿ ಹೊಸಕೋಟೆ, ಕೋಲಾರದ ಕಡೆ ಹೋದಂತೆ ಮಳೆ ಕಡಿಮೆಯಾಗುತ್ತದೆ. ಕೆಮ್ಮಣ್ಣು, ಕುರುಚಲು, ಒಣಹುಲ್ಲಿನ ನಾಡು ಅದು. ರೈಲು ಹಳಿಯ ಪಕ್ಕದಲ್ಲಿ, ಖಾಲಿ ಸೈಟುಗಳಲ್ಲಿ ಆ ನಾಡಿನ ಗಿಡಗಳು ಇನ್ನೂ ಉಳಿದುಕೊಂಡಿವೆ. ಇವನ್ನು ಮನೆಯಂಗಳದಲ್ಲಿ, ಬಡಾವಣೆಯ ಪಾರ್ಕಿನಲ್ಲಿ ಬೆಳೆಸಲು ಹೊರಟವರು ತರಕಾರಿ ಬೀಜ ಬಿತ್ತಿದಂತೆ ಬಿತ್ತಿ, ದಿನಾ ನೀರು ಚಿಮುಕಿಸಿ, ಒಂದೂ ಮೊಳೆಯಲಿಲ್ಲವೆಂದು ಕೈಬಿಡುತ್ತಾರೆ. ಆ ಬೀಜಗಳು ಬಹುಪಾಲು ಸತ್ತಿರುವುದಿಲ್ಲ, ಹದಕ್ಕಾಗಿ ಕಾಯುತ್ತಿರುತ್ತವೆ.

ಮೊದಲು ನೀರಿನ ಲೆಕ್ಕ. ಏಪ್ರಿಲ್‌ನಲ್ಲಿ ಮಾವಿನ ಹೊಯ್ಲು ಬಂದು ಇಂದಿರಾನಗರದ ರಸ್ತೆಗಳು ತೊಯ್ದ ಮಾರನೆಯ ಮಧ್ಯಾಹ್ನವೇ ಮೇಲ್ಮಣ್ಣು ಮತ್ತೆ ಪುಡಿಯಾಗುತ್ತದೆ. ಅಂಥ ಮಳೆಯನ್ನು ನಂಬಿ ಮೊಳೆತ ಸಸಿ ಬೇರು ಇಳಿಸುವ ಮೊದಲೇ ಒಣಗುತ್ತದೆ. ಹೊಸಕೋಟೆಯ ರಾಗಿ ರೈತರು ಮೊದಲ ಹನಿಗೇ ಬಿತ್ತದೆ ನೆಲ ಹದವಾಗುವವರೆಗೆ ಕಾಯುವುದೂ ಇದೇ ಕಾರಣಕ್ಕೆ. ಒಣನಾಡಿನ ಬೀಜಕ್ಕೆ ಈ ತಾಳ್ಮೆ ಹುಟ್ಟಿನಿಂದಲೇ ಇದೆ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಇದನ್ನು ಪರೀಕ್ಷಿಸಿ ನೋಡಿದವರು ಫ್ರಿಟ್ಸ್ ವೆಂಟ್ ಎಂಬ ಸಸ್ಯವಿಜ್ಞಾನಿ. 1940ರ ದಶಕದ ಅವರ ಪ್ರಯೋಗಗಳಲ್ಲಿ ಅರ್ಧ ಇಂಚಿಗಿಂತ ಕಡಿಮೆ ಮಳೆಗೆ ಅಲ್ಲಿನ ಬೀಜಗಳು ಅಲುಗಾಡಲಿಲ್ಲ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಮಣ್ಣನ್ನು ಕೆಳಗಿನಿಂದ ನೆನೆಸಿದರೂ ಅವು ಮೊಳೆಯಲಿಲ್ಲ. ನೀರು ಮೇಲಿನಿಂದಲೇ ಸುರಿಯಬೇಕಿತ್ತು. ಕೆಲವು ಬೀಜಗಳ ಸಿಪ್ಪೆಯಲ್ಲಿ ಮೊಳಕೆ ತಡೆಯುವ ರಾಸಾಯನಿಕಗಳಿರುತ್ತವೆ. ಜೋರು ಮಳೆ ಅವನ್ನು ತೊಳೆದುಕೊಂಡು ಹೋದ ಮೇಲೆಯೇ ಒಳಗಿನ ಮೊಳಕೆಗೆ ದಾರಿ. ಹಾಗಾಗಿ ದಿನಕ್ಕೊಮ್ಮೆ ಚಿಮುಕಿಸುವ ನೀರಿಗಿಂತ ಒಮ್ಮೆ ಚೆನ್ನಾಗಿ ಸುರಿದು, ಮೊದಲ ಎಲೆ ಕಾಣುವವರೆಗೆ ತೇವ ಆರದಂತೆ ನೋಡಿಕೊಳ್ಳುವುದೇ ಸರಿ.

ನೀರಷ್ಟೇ ಸಾಲದು, ವಯಸ್ಸೂ ಆಗಬೇಕು. ಒಣಹುಲ್ಲಿನ ನಡುವೆ ಓಡಾಡಿದರೆ ಪ್ಯಾಂಟಿಗೆ, ಸೀರೆಯಂಚಿಗೆ ಚುಚ್ಚಿಕೊಳ್ಳುವ ಈಟಿಯಂಥ ಬೀಜವಿದೆಯಲ್ಲ, ಹೆಟೆರೊಪೊಗಾನ್ ಕಂಟಾರ್ಟಸ್, ಅದನ್ನು ಕಿತ್ತು ಒದ್ದೆ ಅಂಗೈ ಮೇಲಿಟ್ಟು ನೋಡಿ. ಹಗ್ಗದಂತೆ ಹುರಿಗೊಂಡ ಕಂದು ಬಾಲ ತೇವ ತಾಗಿದಂತೆ ನಿಧಾನವಾಗಿ ಬಿಚ್ಚಿಕೊಂಡು ತಿರುಗುತ್ತದೆ, ಒಣಗಿದಾಗ ಮತ್ತೆ ಹುರಿಗೊಳ್ಳುತ್ತದೆ. ಹೀಗೆ ತಿರುತಿರುಗಿ ಚೂಪು ತುದಿ ಮಣ್ಣಿನ ಬಿರುಕಿಗೆ ಇಳಿಯುತ್ತದೆ. ತನ್ನನ್ನು ತಾನೇ ಬಿತ್ತಿಕೊಳ್ಳುವ ಈ ಬೀಜ ಉದುರಿದ ಕೂಡಲೇ ಮೊಳೆಯುವುದಿಲ್ಲ. ಆರು ತಿಂಗಳಿಂದ ವರ್ಷದವರೆಗೆ ಒಣಗಿ ಮಾಗಬೇಕು. ಥಾರ್‌ನಿಂದ ನಮ್ಮ ಬಯಲುಸೀಮೆಯವರೆಗೆ ಮೇವಿಗಾಗಿ ಬೆಳೆಸುವ ಅಂಜನ್ ಹುಲ್ಲಿನ ಕಥೆಯೂ ಹೆಚ್ಚು ಕಡಿಮೆ ಇದೇ. ಬೇಸಿಗೆಯ ಕಾದ ನೆಲ ಈ ಮಾಗುವಿಕೆಯನ್ನು ಬೇಗ ಮುಗಿಸುತ್ತದೆ. ಮಳೆಗಾಲದ ಕೊನೆಗೆ ಆರಿಸಿದ ಹುಲ್ಲಿನ ಬೀಜವನ್ನು ಬಟ್ಟೆ ಚೀಲದಲ್ಲಿ ಕಟ್ಟಿ, ಫ್ರಿಜ್ಜಿಗೆ ಸೇರಿಸದೆ, ಬೆಚ್ಚಗಿನ ಒಣ ಜಾಗದಲ್ಲಿಟ್ಟು ಮುಂದಿನ ವರ್ಷದ ಮುಂಗಾರಿಗೆ ಬಿತ್ತಿ. ಈಟಿ ಹುಲ್ಲಿಗೆ ಹೊಗೆಯ ಸುಳಿವೂ ನೆರವಾಗಬಹುದು: ಸುಟ್ಟ ಹುಲ್ಲಿನ ಹೊಗೆಯಲ್ಲಿ ಮೊಳಕೆಯೊಡೆಸುವ ಅಂಶಗಳಿವೆ. ಅಂಥದೊಂದು ಸಂಯುಕ್ತವನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 2004ರಲ್ಲಿ ಗುರುತಿಸಿದರು.

ತಂಗಡಿಯ ತಾಪತ್ರಯ ಬೇರೆ. ಹಳದಿ ಹೂವಿನ ಈ ಗಿಡದ ತೊಗಟೆಯಿಂದಲೇ ದಕ್ಷಿಣ ಭಾರತದಲ್ಲಿ ಬಹುಕಾಲ ಚರ್ಮ ಹದ ಮಾಡುತ್ತಿದ್ದರು. ಟ್ಯಾನರಿ ರಸ್ತೆಯಿರುವ ದಂಡು ಪ್ರದೇಶದಲ್ಲಿ ಅದನ್ನು ಮತ್ತೆ ನೆಡಬೇಕೆಂಬುದು ನನ್ನ ಆಸೆ. ಇದರ ಬೀಜದ ಸಿಪ್ಪೆ ಎಷ್ಟು ಗಟ್ಟಿಯೆಂದರೆ ನೀರು ಒಳಗಿಳಿಯುವುದೇ ಇಲ್ಲ. ಹೊರಗೆ ಬಿಸಿಲು, ಸವೆತ, ಕಾಲ ಸೇರಿ ಸಿಪ್ಪೆಯನ್ನು ಸಡಿಲಿಸುತ್ತವೆ. ಜಾಲಿಯಂಥವಕ್ಕೆ ಕುರಿ ಮೇಕೆಗಳ ಹೊಟ್ಟೆಯೂ ಆ ಕೆಲಸ ಮಾಡಿಕೊಡುತ್ತದೆ. ಮನೆಯಲ್ಲಿ ಮಾಡುವುದಾದರೆ, ಕುದಿಸಿ ಒಲೆಯಿಂದ ಇಳಿಸಿದ ನೀರನ್ನು ಬೀಜದ ಮೇಲೆ ಹೊಯ್ದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಉಬ್ಬಿದ್ದನ್ನು ಬಿತ್ತಿ. ಉಬ್ಬದೆ ಉಳಿದದ್ದನ್ನು ಸ್ಯಾಂಡ್‌ಪೇಪರಿಗೆ ಒಂದೇ ಬದಿ ತುಸು ಉಜ್ಜಿ ಮತ್ತೆ ನೆನೆಹಾಕಿ.

ಇನ್ನು ಬೆಳಕು. ಸಣ್ಣ ಬೀಜ ಆಳದಲ್ಲಿ ಮೊಳೆತರೆ ಮೇಲೆ ಬರುವ ಮೊದಲೇ ಅದರ ಬುತ್ತಿ ಖಾಲಿ. ಆದ್ದರಿಂದ ಅನೇಕ ಸಣ್ಣ ಬೀಜಗಳು ಬೆಳಕು ಕಂಡರೆ ಮಾತ್ರ ಮೊಳೆಯುತ್ತವೆ. ಬೆಳಕಿನಲ್ಲೂ ಬಣ್ಣ ನೋಡುತ್ತವೆ: ಕೆಂಪು ಬೆಳಕು ಎಬ್ಬಿಸುತ್ತದೆ, ಎಲೆಗಳ ಮೂಲಕ ಸೋಸಿ ಬಂದ ಕಡುಗೆಂಪು ಮಲಗಿಸುತ್ತದೆ. ಅಮೆರಿಕದ ಬೆಲ್ಟ್ಸ್‌ವಿಲ್‌ನ ವಿಜ್ಞಾನಿಗಳು ಲೆಟ್ಯೂಸ್ ಬೀಜದಲ್ಲಿ ಇದನ್ನು 1952ರಲ್ಲಿ ತೋರಿಸಿದರು. ಕೆ.ಆರ್. ಪುರದ ಖಾಲಿ ಸೈಟಿನಲ್ಲಿ ಜೆಸಿಬಿ ಮಣ್ಣು ಕೆದಕಿ ಹೋದ ಮೇಲೆ ಒಂದು ಮಳೆಗೆ ಇಡೀ ಸೈಟು ಹಸಿರಾಗುವುದಕ್ಕೆ ಹೂತಿದ್ದ ಬೀಜಗಳು ಬೆಳಕಿಗೆ ಬಂದದ್ದೂ ಒಂದು ಕಾರಣ. ಆದರೆ ಆ ಹಸಿರಿನಲ್ಲಿ ಬಹುಪಾಲು ಪಾರ್ಥೇನಿಯಂ. ಈ ಕಾಂಗ್ರೆಸ್ ಗಿಡಕ್ಕೆ ಕಾಯುವ ಗುಣ ಕಡಿಮೆ, ತೇವವೊಂದಿದ್ದರೆ ವರ್ಷದ ಯಾವ ತಿಂಗಳಾದರೂ ಮೊಳೆಯುತ್ತದೆ. ಒಡೆದ ಪೈಪು, ಬೇಸಿಗೆಯಲ್ಲೂ ನಿಲ್ಲದ ಸ್ಪ್ರಿಂಕ್ಲರ್ ಅದಕ್ಕೇ ಅನುಕೂಲ. ನಾಡಗಿಡ ಬಿತ್ತಲಿರುವ ಪಾತಿಗೆ ಬೇಸಿಗೆಯಲ್ಲಿ ನೀರು ಹಾಕಬೇಡಿ. ಮೊದಲ ಮಳೆಗೆ ಎದ್ದ ಪಾರ್ಥೇನಿಯಂ ಸಸಿಗಳನ್ನು ಹೂ ಬಿಡುವ ಮೊದಲೇ ಕೈಗವಸು ಹಾಕಿಕೊಂಡು ಕಿತ್ತುಬಿಡಿ. ಆಮೇಲೆ ಹುಲ್ಲಿನ ಬೀಜವನ್ನು ಮೇಲ್ಮೈಯಲ್ಲೇ ಚೆಲ್ಲಿ ಅಂಗೈಯಿಂದ ಒತ್ತಿ, ಹೆಚ್ಚು ಮಣ್ಣು ಮುಚ್ಚಬೇಡಿ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಪೂರ್ತಿ ಬೀಜ ಮೊಳೆಯುವುದಿಲ್ಲ, ಮೊಳೆಯಬಾರದು ಕೂಡ. ಮಳೆ ಕೈಕೊಡುವ ಊರಿನಲ್ಲಿ ಎಲ್ಲ ಬೀಜವೂ ಒಂದೇ ವರ್ಷ ಎದ್ದರೆ ಒಂದು ಬರಕ್ಕೆ ಸಂತತಿಯೇ ಅಳಿಯುತ್ತದೆ. ಪ್ರತಿ ವರ್ಷ ಒಂದು ಪಾಲು ಮಾತ್ರ ಮೊಳೆತು ಉಳಿದದ್ದು ಮಣ್ಣಿನಲ್ಲಿ ಕಾಯುವುದರ ಲಾಭವನ್ನು ಡಾನ್ ಕೋಹೆನ್ 1966ರಲ್ಲಿ ಗಣಿತದಿಂದಲೇ ತೋರಿಸಿದರು. ಮೊಳೆಯದ ಕುಂಡದ ಮಣ್ಣನ್ನು ಸುರಿದುಬಿಡಬೇಡಿ. ನೆರಳಿಗೆ ಸರಿಸದೆ, ನೀರು ಹಾಕದೆ ಬಿಸಿಲಿನಲ್ಲೇ ಇಟ್ಟಿರಿ. ಮುಂದಿನ ವರ್ಷ ಹದ ಮಳೆ ಬಿದ್ದ ವಾರದಲ್ಲಿ ಮೇಲ್ಮಣ್ಣನ್ನು ಬೆರಳಿನಿಂದ ಒಮ್ಮೆ ಕೆದಕಿ, ಮತ್ತೆ ನೀರು ಕೊಡಿ.