ಮಿಶ್ರ ಕೆಂಪು ವೈನಿಗೆ ಯಾವ ಅಡುಗೆ?

ಮದುವೆ, ಹಬ್ಬಗಳಿಗೆ ಬೆಂಗಳೂರಿನ ನೆಂಟರು ಕೆಂಪು ವೈನಿನ ಬಾಟಲಿ ತರುವುದುಂಟು. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಕಂಪನಿಯ 'ಲಾ ರಿಸರ್ವ್' ಅಂಥದೊಂದು ಮಿಶ್ರ ವೈನ್. ಅದರಲ್ಲಿ ಕ್ಯಾಬರ್ನೆ ದ್ರಾಕ್ಷಿಯಿಂದ ಒಗರು, ಶಿರಾಜ್‌ನಿಂದ ಹಣ್ಣಿನ ರುಚಿ.

ಯಾಲಾಲ್ ಕಡೆಯ ನಮ್ಮ ಖಾರದೂಟಕ್ಕೆ ಇದು ಅಷ್ಟಾಗಿ ಹೊಂದದು. ಮದ್ಯಸಾರವು ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತದೆ. ಖಾರ ತಗ್ಗಿಸಿ, ಸಣ್ಣ ಉರಿಯಲ್ಲಿ ಬೇಯಿಸಿದ ಕುರಿಮಾಂಸವಾದರೆ ಒಳ್ಳೆಯ ಜೋಡಿ. ಮಾಂಸ, ಕೊಬ್ಬು ಎರಡೂ ಒಗರನ್ನು ಮೆತ್ತಗೆ ಮಾಡುತ್ತವೆ. ಶೇಂಗಾ ಪುಡಿ ತುಂಬಿದ ಬದನೆಕಾಯಿ, ಜೋಳದ ರೊಟ್ಟಿಯೂ ಆದೀತು.

ಆದರೆ ಕೆಂಪು ವೈನ್ ಕುಡಿದರೆ ರಕ್ತ ಹೆಚ್ಚುತ್ತದೆಂದು ಬಾಣಂತಿಯರಿಗೂ ಕೊಡುವವರಿದ್ದಾರೆ. ಇದನ್ನು ನಾವು ಒಪ್ಪುವುದಿಲ್ಲ. ವೈನಿನ ಒಗರಿಗೆ ಕಾರಣವಾದ ಟ್ಯಾನಿನ್, ಬೇಳೆ ಸೊಪ್ಪುಗಳ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಊಟದ ಜೊತೆಗಿನ ಚಹಾದ ಕೆಲಸವೂ ಇದೇ! ಗರ್ಭಿಣಿಯರಿಗಂತೂ ಒಂದು ಗುಟುಕೂ ಬೇಡ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

2022ರಲ್ಲಿ ಭೌಗೋಳಿಕ ಗುರುತು ಪಡೆದ ತಾಂಡೂರು ತೊಗರಿ ನಮ್ಮ ಮನೆಯಲ್ಲೇ ಇದೆ. ಅದರ ಬೇಳೆಗೆ ಸೊಪ್ಪು ಹಾಕಿ, ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿರಿ. ನಿಂಬೆಯ ಸಿ ಜೀವಸತ್ವ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ.