ಪಿಕಪ್ ಗಾಡಿಯ ಬ್ರೇಕು ಕೈಕೊಟ್ಟರೆ



"ಎರಡು ಸಲ ಒತ್ತಿದ್ರ ಹಿಡೀತದ, ಏನೂ ಅಂಜಬ್ಯಾಡ್ರಿ ಸಾಹೇಬ್ರ." ಹತ್ತಿ ಬಿಡಿಸುವ ಕಾಲದಲ್ಲಿ, ಮೆಣಸಿನಕಾಯಿ ಚೀಲ ಹೇರುವ ಕಾಲದಲ್ಲಿ ನಮ್ಮ ವಡಗೇರಾ ಸೀಮೆಯ ಹಳೆಯ ಪಿಕಪ್ ಗಾಡಿಗಳವರ ಬಾಯಲ್ಲಿ ಈ ಮಾತು ಕೇಳುತ್ತಲೇ ಇರುತ್ತೇನೆ. ಇವತ್ತು ಬೀಜ ಗೊಬ್ಬರದ ವಿಚಾರ ಬದಿಗಿಟ್ಟು ಈ ಒಂದು ಮಾತನ್ನೇ ಹಿಡಿದುಕೊಳ್ಳೋಣ. ಎರಡು ಸಲ ಒತ್ತಿದರೆ ಮಾತ್ರ ಹಿಡಿಯುವ ಬ್ರೇಕು ಆಗಲೇ ಕೆಟ್ಟಿದೆಯೆಂದು ತಿಳಿಯತಕ್ಕದ್ದು.

ಕೃಷ್ಣಾ ಭೀಮಾ ನಡುವಿನ ನಮ್ಮ ನೆಲ ಬಹುಮಟ್ಟಿಗೆ ಸಪಾಟು. ಹಾಗಾಗಿ ಅರೆಬರೆ ಬ್ರೇಕಿನಲ್ಲೇ ತಿಂಗಳುಗಟ್ಟಲೆ ಗಾಡಿ ಓಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅದೇ ಗಾಡಿ ಒಂದು ದಿನ ಚೀಲ ಹೇರಿಕೊಂಡು ಬ್ಯಾಡಗಿ ಪೇಟೆಗೆ ಹೊರಡುತ್ತದೆ. ಇಲ್ಲವೇ ಹಿಂದೆ ಹತ್ತಿ ಬಿಡಿಸುವ ಹೆಣ್ಣುಮಕ್ಕಳು ನಿಂತಿರುತ್ತಾರೆ. ಸರಕಿನ ಗಾಡಿಯಲ್ಲಿ ಕೂಲಿಯವರನ್ನು ಒಯ್ಯುವುದಕ್ಕೆ ಕಾಯದೆಯ ಒಪ್ಪಿಗೆಯಿಲ್ಲ. ಆದರೂ ಒಯ್ಯುತ್ತಾರೆಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಈ ಮಾತು.

ಬ್ರೇಕು ಕೆಲಸ ಮಾಡುವ ಬಗೆ ಸರಳವಾದದ್ದು. ಪೆಡಲು ಒತ್ತಿದರೆ ಮಾಸ್ಟರ್ ಸಿಲಿಂಡರು ಬ್ರೇಕ್ ಆಯಿಲನ್ನು ಪೈಪಿನಲ್ಲಿ ದೂಡುತ್ತದೆ. ಆ ಒತ್ತಡ ಗಾಲಿಗೆ ಹೋಗಿ ಮುಂದೆ ಡಿಸ್ಕನ್ನು ಪ್ಯಾಡು ಹಿಡಿಯುವಂತೆಯೂ, ಹಿಂದೆ ಡ್ರಮ್ಮಿಗೆ ಲೈನರು ಒತ್ತುವಂತೆಯೂ ಮಾಡುತ್ತದೆ. ಆಯಿಲು ಕುಗ್ಗುವ ವಸ್ತುವಲ್ಲ, ಗಾಳಿ ಕುಗ್ಗುತ್ತದೆ. ಮೋಟರಿನ ಪೈಪಿನಲ್ಲಿ ಗಾಳಿ ಹೊಕ್ಕರೆ ನೀರು ಏರುವುದಿಲ್ಲ, ಅಲ್ಲೇನ್ರಿ? ಬ್ರೇಕಿನ ಪೈಪಿನಲ್ಲಿ ಗಾಳಿ ಹೊಕ್ಕರೂ ನಿಮ್ಮ ಕಾಲಿನ ಬಲ ಗಾಳಿಯನ್ನು ಹಿಸುಕುವುದರಲ್ಲೇ ಮುಗಿದುಹೋಗುತ್ತದೆ.

ರೋಗ ಯಾವುದೆಂದು ಪೆಡಲೇ ಹೇಳುತ್ತದೆ. ಪೆಡಲು ನೆಲ ಮುಟ್ಟುತ್ತದೆಯೇ? ಬಾನೆಟ್ ಎತ್ತಿ ಆಯಿಲಿನ ಡಬ್ಬಿ ನೋಡಿರಿ. ಇಳಿದಿದ್ದರೆ ಎಲ್ಲಿಯೋ ಸೋರುತ್ತಿರಬಹುದು. ಲೈನರು, ಪ್ಯಾಡು ಸವೆದರೂ ಡಬ್ಬಿ ನಿಧಾನವಾಗಿ ಸ್ವಲ್ಪ ಇಳಿಯುವುದುಂಟು. ನಾಲ್ಕು ದಿನದಲ್ಲಿ ಇಳಿದರೆ ಅದು ಸೋರಿಕೆಯೇ. ನಾಲ್ಕೂ ಗಾಲಿಗಳ ಒಳಮೈಗೆ, ರಬ್ಬರ್ ಹೋಸಿಗೆ, ಚಾಸಿಯುದ್ದಕ್ಕೂ ಹೋದ ಕಬ್ಬಿಣದ ಪೈಪಿಗೆ ಕೈಯಾಡಿಸಿರಿ. ನಮ್ಮ ಎರೆಮಣ್ಣು ಪೈಪಿಗೆ ಮೆತ್ತಿಕೊಂಡು ಒದ್ದೆ ಹಿಡಿದಿಡುತ್ತದೆ. ತುಕ್ಕು ಅಲ್ಲಿಂದಲೇ ಶುರು. ಡಬ್ಬಿ ತುಂಬಿದ್ದು, ಒತ್ತಿ ಹಿಡಿದ ಪೆಡಲು ಅರ್ಧ ನಿಮಿಷದಲ್ಲಿ ಮೆಲ್ಲಗೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸವೆದಿದೆ.

ಪೆಡಲು ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಹೊಕ್ಕಿದೆ. ಎರಡನೆಯ ಸಲ ಒತ್ತಿದಾಗ ಮೇಲೆದ್ದು ಗಟ್ಟಿಯಾಗಿಯೇ ನಿಂತರೆ, ಹಿಂದಿನ ಲೈನರು ಸವೆದು ಡ್ರಮ್ಮಿನಿಂದ ದೂರವಾಗಿರುವ ಸಂಭವ ಹೆಚ್ಚು.

ಪೆಡಲು ಕಲ್ಲಿನಂತೆ ಬಿಗಿಯಾಗಿದ್ದು ಗಾಡಿ ನಿಲ್ಲದಿದ್ದರೆ ಬೂಸ್ಟರನ್ನು ಪರೀಕ್ಷಿಸಬೇಕು. ಇಂಜಿನ್ ಬಂದ್ ಮಾಡಿ ನಾಲ್ಕೈದು ಸಲ ಪೆಡಲು ಒತ್ತಿ, ಒತ್ತಿ ಹಿಡಿದೇ ಚಾಲು ಮಾಡಿರಿ. ಪೆಡಲು ಸ್ವಲ್ಪ ಕೆಳಗೆ ಜಗ್ಗಬೇಕು. ಜಗ್ಗದಿದ್ದರೆ ಬೂಸ್ಟರಿಗೆ ವ್ಯಾಕ್ಯೂಮ್ ಬರುತ್ತಿಲ್ಲ, ಇಲ್ಲವೇ ಬೂಸ್ಟರೇ ಕೆಟ್ಟಿದೆ. ಅನೇಕ ಹಳೆಯ ಡೀಸೆಲ್ ಗಾಡಿಗಳಲ್ಲಿ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಬೆಲ್ಟು ಹರಿದರೆ ಅದೂ ನಿಂತಿತು. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಿ ಬಿಡುವವರು ಇದನ್ನೊಮ್ಮೆ ಮಾಡಿ ನೋಡಲಿ. ಎರಡು ಮೂರು ಸಲ ಒತ್ತುವುದರೊಳಗೆ ಬೂಸ್ಟರಿನ ಬಲ ತೀರಿಹೋಗಿರುತ್ತದೆ.

ಇನ್ನು ಆಯಿಲಿನ ವಿಚಾರ. ಒಬ್ಬ ರೈತರು ಡಬ್ಬಿ ಖಾಲಿಯಾಯಿತೆಂದು ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲು ಸುರಿದಿದ್ದರು. "ಎಣ್ಣಿ ಎಣ್ಣಿನೇ ಅಲ್ಲೇನ್ರಿ" ಎಂದರು. ಅಲ್ಲ. ಎರಡನೆಯ ದಿನ ರಬ್ಬರುಗಳೆಲ್ಲ ಉಬ್ಬಿ ಗಾಲಿಗಳು ಬಿಗಿದುಕೊಂಡವು. ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಎಲ್ಲ ರಬ್ಬರು, ಹೋಸು ಬದಲಿಸಬೇಕಾಯಿತು. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಆಯಿಲನ್ನೇ ಹಾಕತಕ್ಕದ್ದು. ಈ ಆಯಿಲು ಗಾಳಿಯ ತೇವ ಹೀರುತ್ತದೆ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಭಾರ ಹೇರಿದ ಗಾಡಿ ಘಟ್ಟ ಇಳಿಯುವಾಗ ಆಯಿಲು ಕುದ್ದು ಆವಿಯಾದರೆ ಗಾಳಿ ಹೊಕ್ಕ ಹಾಗೆಯೇ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಆಯಿಲು ಬದಲಿಸಿರಿ. ಬಿಚ್ಚಿಟ್ಟ ಹಳೆಯ ಬಾಟಲಿಯದು ಬೇಡ. ಅದು ವಿಷ, ಮಕ್ಕಳ ಕೈಗೆ ಸಿಗಬಾರದು.

ಗಾಳಿ ತೆಗೆಯುವುದನ್ನು ಮನೆಯಲ್ಲೇ ಇಬ್ಬರು ಮಾಡಬಹುದು. ಗಾಡಿ ಸಮನೆಲದಲ್ಲಿರಲಿ, ಗಾಲಿಗೆ ಕಲ್ಲು ಕೊಡಿರಿ. ಎರೆಹೊಲದಲ್ಲಿ ಜಾಕಿನ ಕೆಳಗೆ ಹಲಗೆ ಇಡದಿದ್ದರೆ ಜಾಕು ಹೂತು ಗಾಡಿ ಮೈಮೇಲೆ ಬರುತ್ತದೆ. ಜಾಕೊಂದನ್ನೇ ನಂಬಿ ಯಾರೂ ಕೆಳಗೆ ತೂರಬಾರದು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿ, ಅಂದರೆ ಹಿಂದಿನ ಎಡಗಾಲಿ ಮೊದಲು. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಗಾಡಿಯ ಪುಸ್ತಕದಲ್ಲಿ ಬೇರೆ ಕ್ರಮವಿದ್ದರೆ ಅದೇ ಸರಿ. ನಿಪ್ಪಲಿಗೆ ಪಾರದರ್ಶಕ ನಳಿಗೆ ಸಿಕ್ಕಿಸಿ, ಅದರ ತುದಿ ಸ್ವಲ್ಪ ಹೊಸ ಆಯಿಲು ಹಾಕಿದ ಬಾಟಲಿಯಲ್ಲಿ ಮುಳುಗಿರಲಿ. ಮೇಲಿನವರು ಪೆಡಲು ಒತ್ತಿ "ಹಿಡ್ದೀನಿ" ಅನ್ನಬೇಕು. ಕೆಳಗಿನವರು ನಿಪ್ಪಲು ಸಡಿಲಿಸಿ, ಗುಳ್ಳೆ ಹೊರಬಂದ ಮೇಲೆ ಬಿಗಿದು "ಬಿಡು" ಅನ್ನಬೇಕು. ಬಿಗಿಯುವ ಮುಂಚೆ ಕಾಲೆತ್ತಿದರೆ ಗಾಳಿ ಮತ್ತೆ ಒಳಕ್ಕೇ. ಗುಳ್ಳೆ ನಿಲ್ಲುವ ತನಕ ಹೀಗೇ ನಡೆಯಲಿ, ನಡುವೆ ಡಬ್ಬಿ ಖಾಲಿಯಾಗದಂತೆ ಒಬ್ಬ ಹುಡುಗನನ್ನು ಕಾವಲಿಗೆ ನಿಲ್ಲಿಸಿರಿ. ಹೊರಬಂದ ಆಯಿಲನ್ನು ತಿರುಗಿ ಸುರಿಯಬಾರದು. ತುಕ್ಕು ಹಿಡಿದ ನಿಪ್ಪಲನ್ನು ಬಲವಂತದಿಂದ ತಿರುಗಿಸಿದರೆ ಮುರಿಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಬೇಕು.

ಬೂಸ್ಟರು, ತೂತಾದ ಪೈಪು, ಸಿಲಿಂಡರಿನ ರಬ್ಬರು ಮೆಕ್ಯಾನಿಕ್ಕರ ಕೆಲಸ. ಆದರೆ ಪೈಪಿಗೆ ಟೇಪು ಸುತ್ತಿ ಕಳಿಸಿದರೆ, ಸೋರುವ ಗಾಲಿಯ ಪೈಪನ್ನು ಬಡಿದು ಮುಚ್ಚಿ "ಮೂರು ಗಾಲಿ ಸಾಕು" ಎಂದರೆ ಒಪ್ಪಬೇಡಿರಿ. ಆಯಿಲು ಕುಡಿದ ಲೈನರನ್ನು ಡೀಸೆಲಿನಲ್ಲಿ ತೊಳೆದು ಹಾಕುವುದೂ ವ್ಯರ್ಥ. ಎರಡೂ ಬದಿಯದು ಹೊಸದಾಗಲಿ, ಇಲ್ಲವಾದರೆ ಗಾಡಿ ಒಂದು ಕಡೆ ಎಳೆಯುತ್ತದೆ.

ಹಳ್ಳದ ನೀರು ದಾಟಿದ ಮೇಲೆ ಬ್ರೇಕು ಹಿಡಿಯದಿದ್ದರೆ ಗಾಬರಿ ಬೇಡ. ಡ್ರಮ್ಮು ಒದ್ದೆಯಾಗಿದೆ, ನಿಧಾನವಾಗಿ ಓಡಿಸುತ್ತ ಪೆಡಲು ಹಗುರಾಗಿ ಒತ್ತಿದರೆ ಒಣಗುತ್ತದೆ.

ದಾರಿಯಲ್ಲೇ ಬ್ರೇಕು ಪೂರ್ತಿ ಹೋದರೆ? ಪೆಡಲನ್ನು ಬೇಗ ಬೇಗ ಒತ್ತಿರಿ. ಗೇರು ಒಂದೊಂದಾಗಿ ಇಳಿಸಿರಿ. ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿ ಹಿಡಿದೇ ಸ್ವಲ್ಪ ಸ್ವಲ್ಪ ಎಳೆಯಿರಿ. ಒಮ್ಮೆಲೇ ಜಗ್ಗಿದರೆ ಹಿಂದಿನ ಗಾಲಿ ಜಾರುತ್ತದೆ. ಹಾರನ್ ಬಿಡಬೇಡಿರಿ. ಚಾವಿ ಮಾತ್ರ ತೆಗೆಯಕೂಡದು, ಸ್ಟೇರಿಂಗು ಬೀಗ ಬಿದ್ದೀತು. ಜನವಿಲ್ಲದ ಕಡೆ ಉತ್ತ ಹೊಲವಿದ್ದರೆ ಅದರೊಳಗೇ ನುಗ್ಗಿಸಿರಿ.

ರಿಪೇರಿಯಾದ ಗಾಡಿಯನ್ನು ಮೊದಲು ಖಾಲಿಯಾಗಿಯೇ, ಮನುಷ್ಯ ನಡೆಯುವ ವೇಗದಲ್ಲಿ ಬಯಲಿನಲ್ಲಿ ಓಡಿಸಿ ನೋಡಿರಿ. ರಾತ್ರಿ ನಾಲ್ಕೂ ಗಾಲಿಯ ಹತ್ತಿರ ಹಳೆಯ ಕಾಗದ ಹಾಸಿ ನಿಲ್ಲಿಸಿ, ಬೆಳಗ್ಗೆ ಕಾಗದಕ್ಕೆ ಹನಿ ಬಿದ್ದಿದೆಯೇ ನೋಡಿ, ಆಮೇಲೆ ಚೀಲ ಹೇರಿರಿ.