ಡೀಸೆಲ್ ಪಿಕಪ್ ವಾಹನದ ಇಂಧನ ಪಂಪು ಮತ್ತು ಶೋಧಕ: ಸುಧಾರಣೆಯ ವೆಚ್ಚ ಹಾಗೂ ಲೆಕ್ಕಪತ್ರ

ಕೊಡಗು ಜಿಲ್ಲೆಯಲ್ಲಿ ರೈಲು ಮಾರ್ಗವಿಲ್ಲ. ಕಾಫಿ, ಕರಿಮೆಣಸು, ಏಲಕ್ಕಿ, ಗೊಬ್ಬರ, ಸಿಮೆಂಟು, ದಿನಸಿ ಮೊದಲಾದ ಎಲ್ಲ ಸರಕುಗಳೂ ರಸ್ತೆಯ ಮೂಲಕವೇ ಸಾಗಬೇಕು. ತೋಟದಿಂದ ಗೋದಾಮಿಗೆ, ಗೋದಾಮಿನಿಂದ ಕುಶಾಲನಗರದ ಸಂಸ್ಕರಣಾ ಘಟಕಗಳಿಗೆ ಕಾಫಿ ಚೀಲಗಳನ್ನು ತಲುಪಿಸುವ ಕಾರ್ಯದಲ್ಲಿ ಸಣ್ಣ ಡೀಸೆಲ್ ಪಿಕಪ್ ವಾಹನದ ಪಾತ್ರ ಹಿರಿದು. ಅರೇಬಿಕಾ ಹಾಗೂ ರೊಬಸ್ಟಾ ಕೊಯ್ಲಿನ ಕಾಲವಾದ ನವೆಂಬರ್‌ನಿಂದ ಮಾರ್ಚ್‌ವರೆಗೆ ಇಂತಹ ವಾಹನವೊಂದು ನಾಲ್ಕು ದಿನ ನಿಂತರೆ ವ್ಯಾಪಾರಿಗೆ ಆಗುವ ನಷ್ಟವು ದುರಸ್ತಿಯ ಬಿಲ್ಲಿನಲ್ಲಿ ಕಾಣುವುದಿಲ್ಲ. ವಾಹನವನ್ನು ಹೀಗೆ ನಿಲ್ಲಿಸುವ ಕಾರಣಗಳಲ್ಲಿ ಇಂಧನ ಪಂಪಿನ ವೈಫಲ್ಯವು ಮುಖ್ಯವಾದುದು. ಆದ್ದರಿಂದ ಪಂಪು ಮತ್ತು ಶೋಧಕ ವ್ಯವಸ್ಥೆಯ ಸುಧಾರಣೆಗೆ ಹಣ ತೊಡಗಿಸುವ ಮುನ್ನ ಅದರ ತಾಂತ್ರಿಕ, ಕಾನೂನಾತ್ಮಕ ಹಾಗೂ ತೆರಿಗೆ ಸಂಬಂಧಿ ಅಂಶಗಳನ್ನು ಅರಿಯುವುದು ಅಗತ್ಯ.

ಹಳೆಯ ಪಂಪು, ಹೊಸ ಪಂಪು

1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಸಂಸ್ಥೆಯ ಇಂಜೆಕ್ಷನ್ ಪಂಪುಗಳು ಕರ್ನಾಟಕದ ಮೆಕ್ಯಾನಿಕರಿಗೆ ಚಿರಪರಿಚಿತ. ಹಳೆಯ ಯಾಂತ್ರಿಕ ಪಂಪುಗಳು ಸ್ವಲ್ಪ ಮಟ್ಟಿನ ಕಲ್ಮಶವನ್ನು ಸಹಿಸಿಕೊಳ್ಳುತ್ತಿದ್ದವು. ಇಂದಿನ ಕಾಮನ್ ರೈಲ್ ವ್ಯವಸ್ಥೆಯ ಸ್ವರೂಪ ಬೇರೆ. ಅದರಲ್ಲಿ ಡೀಸೆಲ್ಲಿನ ಮೇಲಿನ ಒತ್ತಡವು 1,600 ಬಾರ್ ಹಾಗೂ ಅದಕ್ಕೂ ಹೆಚ್ಚಿನ ಮಟ್ಟವನ್ನು ತಲುಪುತ್ತದೆ. ಒಳಭಾಗಗಳ ನಡುವಿನ ತೆರವು ಕೆಲವೇ ಮೈಕ್ರಾನ್‌ಗಳಷ್ಟಿರುತ್ತದೆ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ, ಕಣ್ಣಿಗೆ ಕಾಣದ ಧೂಳಿನ ಕಣವೂ ಇಲ್ಲಿ ಮಾರಕವೆಂಬುದು ಸ್ಪಷ್ಟವಾಗುತ್ತದೆ. ಮೇಲಾಗಿ, ಈ ಪಂಪಿಗೆ ಡೀಸೆಲ್ಲೇ ಕೀಲೆಣ್ಣೆ. ಡೀಸೆಲ್ಲಿನೊಂದಿಗೆ ನೀರು ಬೆರೆತರೆ ಜಾರುಗುಣ ಕುಂದಿ, ತುಕ್ಕು ಹಿಡಿದು, ಸವೆದ ಲೋಹದ ಪುಡಿಯು ಇಂಜೆಕ್ಟರುಗಳವರೆಗೂ ಹರಡುತ್ತದೆ. ಆಗ ಪಂಪಿನ ಜತೆಗೆ ಇಂಜೆಕ್ಟರುಗಳನ್ನೂ ಬದಲಿಸಬೇಕಾದೀತು.

ಕೊಡಗಿನ ದೀರ್ಘ ಮಳೆಗಾಲವು ಈ ಅಪಾಯವನ್ನು ಹೆಚ್ಚಿಸುತ್ತದೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ತೇವದ ಗಾಳಿಯು ತಣಿದು ನೀರಾಗುತ್ತದೆ. ತೋಟದ ಶೆಡ್ಡಿನಲ್ಲಿ ನೆಟ್ಟಗೆ ನಿಲ್ಲಿಸಿದ ಬ್ಯಾರಲ್‌ನ ಮುಚ್ಚಳದ ಮೇಲೆ ನಿಂತ ಮಳೆನೀರು ನಿಧಾನವಾಗಿ ಒಳಗಿಳಿಯುವುದೂ ಉಂಟು.

ಸುಧಾರಣೆ ಎಲ್ಲಿ ಆಗಬೇಕು?

ಘಾಟಿಯ ಏರನ್ನು ಸುಲಭವಾಗಿ ಹತ್ತುವ ಸಲುವಾಗಿ ಹೆಚ್ಚು ಇಂಧನ ನೀಡುವ ದೊಡ್ಡ ಪಂಪನ್ನು ಜೋಡಿಸುವ ಸಲಹೆಗಳು ಕೇಳಿಬರುತ್ತವೆ. ಇದು ಲಾಭದಾಯಕವಲ್ಲ. ಒಳಬರುವ ಗಾಳಿಯ ಪ್ರಮಾಣ ಹೆಚ್ಚದೆ ಇಂಧನವಷ್ಟೇ ಹೆಚ್ಚಿದರೆ ಅದು ಪೂರ್ಣವಾಗಿ ಉರಿಯದೆ ಮಸಿಯಾಗುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ಮಾನದಂಡದ ವಾಹನಗಳಲ್ಲಿ ಆ ಮಸಿಯು ಹೊಗೆ ಶುದ್ಧೀಕರಣ ಸಾಧನವನ್ನೇ ಕಟ್ಟಿಬಿಡುತ್ತದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಿಂದ ಬಂದ 182ಎ ಕಲಮಿನಂತೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ವಾರಂಟಿ ಮತ್ತು ವಿಮೆಯ ಪರಿಹಾರಕ್ಕೂ ಇದರಿಂದ ತೊಡಕುಂಟಾಗಬಹುದು. ಹಾಗಾಗಿ ಸವೆದ ಪಂಪಿನ ಸ್ಥಾನದಲ್ಲಿ ಮೂಲ ವಿವರಣೆಯ ಪಂಪನ್ನೇ ಜೋಡಿಸುವುದು ಕ್ಷೇಮ.

ನಿಜವಾದ ಸುಧಾರಣೆಗೆ ಅವಕಾಶವಿರುವುದು ಶೋಧನೆಯಲ್ಲಿ. ಟ್ಯಾಂಕು ಮತ್ತು ಮುಖ್ಯ ಶೋಧಕದ ನಡುವೆ ನೀರು ಬೇರ್ಪಡಿಸುವ ಪೂರ್ವಶೋಧಕವನ್ನು ಅಳವಡಿಸಿದರೆ ನೀರು ಹಾಗೂ ದಪ್ಪ ಕಣಗಳು ಅಲ್ಲೇ ನಿಲ್ಲುತ್ತವೆ. ಸೂಕ್ಷ್ಮ ಕಣಗಳನ್ನು ಮುಖ್ಯ ಶೋಧಕವು ತಡೆಯುತ್ತದೆ. ಆದರೆ ಪಂಪು ಇಂಧನವನ್ನು ಎಳೆದುಕೊಳ್ಳುವ ಬದಿಯಲ್ಲಿ ಅತಿ ಸೂಕ್ಷ್ಮ ಶೋಧಕವನ್ನು ಹಾಕಬಾರದು. ಅದರಿಂದ ಹರಿವಿಗೆ ತಡೆಯಾಗಿ, ಪಂಪಿಗೆ ಸಾಕಷ್ಟು ಡೀಸೆಲ್ ದೊರೆಯದೆ, ರಕ್ಷಣೆಗೆಂದು ಹಾಕಿದ ಸಾಧನವೇ ಪಂಪನ್ನು ಕೆಡಿಸುತ್ತದೆ. ಎಂಜಿನ್ನಿಗೆ ಬೇಕಾದ ಹರಿವಿನ ಪ್ರಮಾಣಕ್ಕೆ ಹೊಂದುವ ಶೋಧಕವನ್ನು, ತಯಾರಕರ ಅಧಿಕೃತ ಸೇವಾ ಕೇಂದ್ರದ ಒಪ್ಪಿಗೆ ಪಡೆದು ಜೋಡಿಸುವುದು ಸರಿಯಾದ ಕ್ರಮ.

ನಿರ್ವಹಣೆಯ ಶಿಸ್ತೂ ಅಷ್ಟೇ ಮುಖ್ಯ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನೀರನ್ನು ಹೊರಬಿಡುವುದು, ರಾತ್ರಿ ನಿಲ್ಲಿಸುವ ಮುನ್ನ ಟ್ಯಾಂಕು ತುಂಬಿಸುವುದು, ಬ್ಯಾರಲ್‌ಗಳನ್ನು ಸೂರಿನಡಿ ಇಟ್ಟು ತಳದ ಡೀಸೆಲ್ಲನ್ನು ಬಳಸದಿರುವುದು, ಹೊಸ ಶೋಧಕದೊಳಕ್ಕೆ ಡಬ್ಬಿಯಿಂದ ಸೋಸದ ಡೀಸೆಲ್ ಸುರಿಯದೆ ಪ್ರೈಮರ್ ಮೂಲಕವೇ ತುಂಬಿಸುವುದು, ಇವು ಖರ್ಚಿಲ್ಲದ ಉಪಾಯಗಳು.

ವೆಚ್ಚದ ತುಲನೆ

ಉದಾಹರಣೆಗಾಗಿ, ಪೂರ್ವಶೋಧಕಕ್ಕೆ 9,000 ರೂ. ಹಾಗೂ ಅದರ ಒಳಭಾಗದ ಬದಲಾವಣೆಗೆ ವರ್ಷಕ್ಕೆ 2,500 ರೂ. ಎಂದು ಭಾವಿಸೋಣ, ನಾಲ್ಕು ವರ್ಷಗಳಿಗೆ ಒಟ್ಟು 19,000 ರೂ. ಪಂಪು ಮತ್ತು ಇಂಜೆಕ್ಟರುಗಳ ಬದಲಾವಣೆಗೆ 90,000 ರೂ., ನಾಲ್ಕು ದಿನಗಳ ಬದಲಿ ವಾಹನದ ಬಾಡಿಗೆ 16,000 ರೂ. ಎಂದಿಟ್ಟುಕೊಂಡರೆ ಒಂದು ವೈಫಲ್ಯದ ವೆಚ್ಚ 1,06,000 ರೂ. ಐದು ವಾಹನಗಳಿಗೆ ಪೂರ್ವಶೋಧಕ ಹಾಕಿಸಿದರೆ ನಾಲ್ಕು ವರ್ಷಗಳಿಗೆ 95,000 ರೂ. ಆಗುತ್ತದೆ. ಅವುಗಳಲ್ಲಿ ಒಂದೇ ಒಂದು ವಾಹನದ ಪಂಪು ಉಳಿದರೂ ಹೂಡಿದ ಹಣ ಮರಳಿ ಬಂದಂತೆ.

ರಾಜಸ್ವ ವೆಚ್ಚವೋ, ಬಂಡವಾಳ ವೆಚ್ಚವೋ?

ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿ ಉಳಿಸಿಕೊಳ್ಳಲು ಮಾಡಿದ ವೆಚ್ಚವು ಚಾಲ್ತಿ ದುರಸ್ತಿ; ಹೊಸ ಆಸ್ತಿ ಅಥವಾ ಹೊಸ ಪ್ರಯೋಜನ ತರುವ ವೆಚ್ಚವು ಅದಲ್ಲ. 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ತತ್ತ್ವವನ್ನು ಎತ್ತಿಹಿಡಿದು, ಸ್ವತಂತ್ರ ಯಂತ್ರವೊಂದನ್ನೇ ಬದಲಿಸುವುದು ಚಾಲ್ತಿ ದುರಸ್ತಿಯಲ್ಲವೆಂದಿತು. ಇಂಧನ ಪಂಪು ಸ್ವತಂತ್ರ ಯಂತ್ರವಲ್ಲ, ವಾಹನದ ಒಂದು ಭಾಗ. ಆದ್ದರಿಂದ ಸವೆದ ಪಂಪಿನ ಬದಲಿಗೆ ಅದೇ ಬಗೆಯ ಪಂಪು ಹಾಕಿದ ವೆಚ್ಚವನ್ನು ದುರಸ್ತಿ ಖಾತೆಗೆ ಬರೆಯಬಹುದು. ಮೊದಲು ಇಲ್ಲದಿದ್ದ ಪೂರ್ವಶೋಧಕದ ವಿಷಯದಲ್ಲಿ ಎರಡು ಅಭಿಪ್ರಾಯಗಳಿಗೆ ಅವಕಾಶವಿದೆ. ಅದನ್ನು ವಾಹನದ ಮೌಲ್ಯಕ್ಕೆ ಸೇರಿಸುವುದು ವಿವಾದರಹಿತ ಮಾರ್ಗ. ಸ್ವಂತ ಬಳಕೆಯ ಸರಕು ವಾಹನಕ್ಕೆ ಸವಕಳಿಯ ದರ ಶೇ. 15, ಬಾಡಿಗೆಗೆ ಓಡುವ ವಾಹನಕ್ಕೆ ಶೇ. 30. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ ಹೊಸ ಸೇರ್ಪಡೆಗೆ ಇದರ ಅರ್ಧ ಮಾತ್ರ. ಡಿಸೆಂಬರ್‌ನಲ್ಲಿ ಹಾಕಿಸಿದ 9,000 ರೂ. ಪೂರ್ವಶೋಧಕಕ್ಕೆ ಶೇ. 15ರ ದರದ ವಾಹನದಲ್ಲಿ ಆ ವರ್ಷ 675 ರೂ. ಸವಕಳಿ ದೊರೆಯುತ್ತದೆ, ಉಳಿದುದು ಮುಂದಿನ ವರ್ಷಗಳಿಗೆ ಹಂಚಿಹೋಗುತ್ತದೆ.

2025ರ ಹೊಸ ಆದಾಯ ತೆರಿಗೆ ಕಾಯ್ದೆಯು 2026-27ನೆಯ ತೆರಿಗೆ ವರ್ಷದಿಂದ ಅನ್ವಯಿಸುವುದರಿಂದ ಕಲಮುಗಳ ಸಂಖ್ಯೆ ಬದಲಾದರೂ ಈ ಮೂಲತತ್ತ್ವಗಳು ಮುಂದುವರಿದಿವೆ. ಹತ್ತು ಅಥವಾ ಅದಕ್ಕಿಂತ ಕಡಿಮೆ ಸರಕು ವಾಹನಗಳನ್ನು ಬಾಡಿಗೆಗೆ ಓಡಿಸುವವರು ಅಂದಾಜು ಆದಾಯ ಪದ್ಧತಿಯನ್ನು ಆರಿಸಿಕೊಂಡಿದ್ದರೆ, ಸಣ್ಣ ವಾಹನಕ್ಕೆ ತಿಂಗಳಿಗೆ 7,500 ರೂ. ಆದಾಯವೆಂದು ಪರಿಗಣಿತವಾಗುತ್ತದೆ, ದುರಸ್ತಿಗೆ ಪ್ರತ್ಯೇಕ ಕಡಿತವಿಲ್ಲ. ಒಬ್ಬರಿಗೇ ಒಂದು ದಿನದಲ್ಲಿ 10,000 ರೂ. ಮೀರಿ ನಗದು ಕೊಟ್ಟರೆ ಆ ವೆಚ್ಚವು ತೆರಿಗೆ ಲೆಕ್ಕದಲ್ಲಿ ಮಾನ್ಯವಾಗುವುದಿಲ್ಲ. ಗ್ಯಾರೇಜಿಗೆ ನಗದು ಪಾವತಿಸುವ ರೂಢಿಯುಳ್ಳವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಜಿಎಸ್‌ಟಿ ಜಮೆ

2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ದರ ಶೇ. 18. ಮೇಲಿನ ಉದಾಹರಣೆಯ 90,000 ರೂ. ದುರಸ್ತಿಗೆ ತೆರಿಗೆ 16,200 ರೂ. ಸರಕು ಸಾಗಣೆಯ ವಾಹನಕ್ಕೆ 17(5) ಕಲಮಿನ ನಿರ್ಬಂಧ ಅನ್ವಯಿಸದ ಕಾರಣ, ನೋಂದಾಯಿತ ವ್ಯಾಪಾರಿಯು ಈ ತೆರಿಗೆಯ ಜಮೆ ಪಡೆಯಬಹುದು. ಇದಕ್ಕೆ ಬಿಲ್ಲಿನಲ್ಲಿ ಸಂಸ್ಥೆಯ ಹೆಸರು ಹಾಗೂ ಜಿಎಸ್‌ಟಿ ಸಂಖ್ಯೆ ಇರಬೇಕು. ಚಾಲಕನ ಹೆಸರಿನ ಬಿಲ್ಲು ಸಾಲದು. ಹುರಿಯದ ಕಾಫಿ ಬೀಜವು ತೆರಿಗೆ ವಿನಾಯಿತಿಯ ಸರಕಾದ್ದರಿಂದ, ಕೇವಲ ಅದನ್ನು ಮಾರುವವರಿಗೆ ಜಮೆ ಇಲ್ಲ. ಅದರೊಂದಿಗೆ ತೆರಿಗೆಯುಳ್ಳ ಸರಕನ್ನೂ ಮಾರುವವರು ಪ್ರಮಾಣಾನುಸಾರ ಜಮೆಯನ್ನು ಹಿಂತಿರುಗಿಸಬೇಕು. ಕಾಂಪೊಸಿಷನ್ ವ್ಯಾಪಾರಿಗಳಿಗೂ ಜಮೆ ದೊರೆಯದು. ಇವರಿಗೆಲ್ಲ ಅದೇ ದುರಸ್ತಿಯ ನಿಜವಾದ ವೆಚ್ಚ 1,06,200 ರೂ.; ಅಂದರೆ ಪಂಪನ್ನು ಉಳಿಸಿಕೊಳ್ಳುವುದರ ಲಾಭವೂ ಇವರಿಗೇ ಅಧಿಕ.

ಮಳೆಗಾಲಕ್ಕೆ ಮುನ್ನ ಟ್ಯಾಂಕು ಹಾಗೂ ಶೋಧಕಗಳ ತಪಾಸಣೆ, ಕೊಯ್ಲಿಗೆ ಮುನ್ನ ಶೋಧಕದ ಬದಲಾವಣೆ, ಪ್ರತಿ ವಾಹನಕ್ಕೂ ದಿನಾಂಕ ಮತ್ತು ಕಿಲೋಮೀಟರು ನಮೂದಿಸಿದ ಪ್ರತ್ಯೇಕ ದುರಸ್ತಿ ಪುಸ್ತಕ: ಇಷ್ಟನ್ನು ಪಾಲಿಸುವ ವ್ಯಾಪಾರಿಗೆ ವೆಚ್ಚದ ಹತೋಟಿಯೂ ದೊರೆಯುತ್ತದೆ, ತೆರಿಗೆ ಅಧಿಕಾರಿಯ ಮುಂದಿಡಲು ಪುರಾವೆಯೂ ಸಿದ್ಧವಾಗಿರುತ್ತದೆ.